ಕರೆಂಟ್ ಹೋಗಿರಲಿಲ್ಲ

ಅಂದು ಕರೆಂಟ್ ಹೋಗಿರಲಿಲ್ಲ, ನೀಲವ್ವಾ. ನಿಮ್ಮ ಮಾತಿನ ನಡುವೆ ಮೈಕು ಆರಿಸಿದವನು ನಾನೇ.

ಶಿಗ್ಗಾಂವ ಕಡೆಯ ನಮ್ಮ ಸಣ್ಣ ಊರಿನಲ್ಲಿ ಮದುವೆ, ಸೀಮಂತ, ಗ್ರಾಮಸಭೆ — ಎಲ್ಲಕ್ಕೂ ಮೈಕು ಹಚ್ಚುವವನು ನಾನು. ಗ್ರಾಮಸಭೆಗೆ ಬಂದವರು ಸುಮ್ಮನೆ ಕೂತು, ಚಹಾ ಕುಡಿದು, ಸಹಿ ಮಾಡಿ ಏಳುತ್ತಿದ್ದರು. ಎದ್ದು ಕೇಳುವ ಹಕ್ಕು ನಮಗಿದೆ ಎಂದು ನಂಬಿದವರು ನೀವೊಬ್ಬರೇ. ಅಂದೂ ಸೆರಗು ಬಿಗಿದುಕೊಂಡು ಮೈಕಿನ ಮುಂದೆ ಬಂದಿರಿ.

“ಓಣಿ ತುದೀಗಿನ ಹಾಳಬಾವಿಗೆ ಕಟ್ಟಿ ಕಟ್ಟಸ್ರಿ. ಹೊತ್ತು ಮುಣಗಿದ್ರ ನನಗ ಕಣ್ಣು ಕಾಣಂಗಿಲ್ಲ. ಹ್ವಾದ ಸಭಾದಾಗೂ ಹೇಳಿದ್ದೆ, ಬರಕೊಳ್ಳಲಿಲ್ಲ. ಈ ಸಲ ಠರಾವಿನ್ಯಾಗ ಬರೀರಿ. ಇಲ್ಲಂದ್ರ —”

ಅಧ್ಯಕ್ಷರು ನನ್ನತ್ತ ನೋಡಿ ಬೆರಳು ಕೆಳಗೆ ಮಾಡಿದರು. ಅಷ್ಟೇ. ಮುಂದಿನ ಕೆಲಸ ಕೈತಪ್ಪೀತೆಂದು — ಅಲ್ಲ, ನೆಪ ಹೇಳಬಾರದು. ನಾನು ಸ್ವಿಚ್ ಆರಿಸಿದೆ.

ನಿಮ್ಮ ತುಟಿ ಆಡುತ್ತಲೇ ಇತ್ತು. ಹಿಂದೆ ಕೂತವರು ನಕ್ಕರು. ನೀವು ನನ್ನ ಕಡೆ ತಿರುಗಿ, ತೀರ ನಂಬಿಕೆಯಿಂದ ಕೇಳಿದಿರಿ: “ಯಾಕೋ ತಮ್ಮಾ, ಮೈಕ್ ಬಂದ್ ಆತಲ್ಲ?”

“ಕರೆಂಟ್ ಹೋತ್ರಿ ಯವ್ವಾ.”

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ನೀವು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಿರಿ. ಹೋಗಿ ಕೂತಿರಿ.

ಮಳೆಗಾಲ ಮುಗಿಯುವ ಮೊದಲೇ, ಒಂದು ಮುಸ್ಸಂಜೆ, ನೀವು ಅದೇ ಬಾವಿಗೆ ಬಿದ್ದು ತೀರಿಕೊಂಡಿರಿ. ಕೂಗಿದ್ದಿರಬೇಕು. ಓಣಿಯಲ್ಲಿ ಯಾರಿಗೂ ಕೇಳಲಿಲ್ಲವಂತೆ.

ಆಮೇಲೆ ಅದು ಶುರುವಾಯಿತು. ತಡಸದ ಒಂದು ಮದುವೆ ಮುಗಿಸಿ, ಮೈಕು ಕಳಚಿ, ವೈರು ಸುತ್ತಿಟ್ಟಿದ್ದೆ. ಸ್ಪೀಕರಿನೊಳಗಿಂದ ಉಸಿರು ಬಂತು — ಮಾತಾಡಲು ಬಾಯಿ ತೆರೆದವರು ಎಳೆದುಕೊಳ್ಳುತ್ತಾರಲ್ಲ, ಅಂಥ ಉಸಿರು. ಮಾತು ಮಾತ್ರ ಬರಲಿಲ್ಲ. ಸವಣೂರಿಗೆ ಹೋಗಿ ಹೊಸ ಸ್ಪೀಕರು ತಂದೆ. ಅದರಲ್ಲೂ ಅದೇ. ಪಕ್ಕದವರನ್ನು ಕೇಳಿದರೆ, “ಏನೂ ಕೇಳವಲ್ದಲ್ಲೋ” ಎಂದರು. ‘ಇಲ್ಲಂದ್ರ’ ಎಂದಿರಲ್ಲ, ಆಮೇಲೆ ಏನು ಹೇಳಿದಿರೋ — ನನಗೆ ಇಂದಿಗೂ ಗೊತ್ತಿಲ್ಲ.

ಎಷ್ಟೋ ಸಭೆಗಳು ಕಳೆದವು. ಬಾವಿ ತೆರೆದೇ ಇತ್ತು, ನನ್ನ ಬಾಯಿ ಮುಚ್ಚಿಯೇ ಇತ್ತು.

ಈ ವರ್ಷ ಎದ್ದು ನಿಂತೆ. ಕಟ್ಟೆಯ ಮಾತನ್ನು ಅಧ್ಯಕ್ಷರು ಠರಾವಿನಲ್ಲಿ ಬರೆಸಿ, ಸಭೆಗೆ ಓದಿ ಹೇಳುವವರೆಗೆ ಕೂರಲಿಲ್ಲ. ಬಳಿಕ ಕರೆಂಟಿನ ಮಾತನ್ನೂ ಹೇಳಿದೆ. ನಿಮ್ಮ ಮಗಳು ಮಾತ್ರ ಕೇಳಿದಳು: “ಅವತ್ತ ಯಾಕ ಬಾಯಿ ಬಿಡಲಿಲ್ಲ?”



ಬಾವಿಗೆ ಈಗ ಎದೆಯೆತ್ತರದ ಕಟ್ಟೆ ಬಂದಿದೆ. ಸ್ಪೀಕರಿನೊಳಗಿನ ಉಸಿರು ನಿಂತಿಲ್ಲ. ನಿಮ್ಮ ಮಗಳು ನನ್ನನ್ನು ಕಂಡರೆ ದಾರಿ ಬಿಟ್ಟು ನಡೆಯುತ್ತಾಳೆ. ಕ್ಷಮಿಸು ಎಂದು ನಾನು ಅವಳನ್ನು ಕೇಳಿಲ್ಲ, ಕೇಳುವುದೂ ಇಲ್ಲ.