ಕುರ್ಚಿಯಲ್ಲಿ ಉಳಿದ ಬಾಕಿ

ಬೀದಿಯವರೆಲ್ಲ ಅವಳನ್ನು ಕತ್ತರಿಯಮ್ಮ ಅನ್ನುತ್ತಿದ್ದರು. ಮೂವತ್ತು ವರ್ಷ ಬಟ್ಟೆ ಹೊಲಿದ ಹೆಂಗಸು; ಅಳತೆ ಒಂದು ನೂಲಿನಷ್ಟು ಅತ್ತಿತ್ತ ಆದರೂ ಬಿಚ್ಚಿ ಮತ್ತೆ ಹೊಲಿಯುವವಳು. ಹೇಳಿದ್ದಕ್ಕಿಂತ ಒಂದು ಕಾಸು ಹೆಚ್ಚು ತೆಗೆದುಕೊಂಡವಳಲ್ಲ, ಕೊಟ್ಟವಳೂ ಅಲ್ಲ. ಇಂಥವಳಿಗೆ ಕ್ರೆಡಿಟ್ ಕಾರ್ಡಿನ ಸಾಲ ಗಂಟುಬಿದ್ದದ್ದು ಹೇಗೆ ಅನ್ನುತ್ತೀರಾ? ಆ ಲೆಕ್ಕಾಚಾರದ ಬುದ್ಧಿಯಿಂದಲೇ.

ಕಾರ್ಡು ಮಗಳ ಹೆಸರಿನದು, ತಾಯಿಯ ಕೈಯಲ್ಲಿದ್ದದ್ದು ಅದೇ ಖಾತೆಯ ಜೋಡಿ ಕಾರ್ಡು. ಅದರಲ್ಲಿ ಹೊಲಿಗೆ ಯಂತ್ರ ಕೊಂಡಳು. ಆ ಬಾಕಿಗೆ ಬಡ್ಡಿ ಕಮ್ಮಿ. ಆಮೇಲೆ ಗಂಡ ಆಸ್ಪತ್ರೆ ಸೇರಿದ. ಕೊನೆಯ ದಿನ, ಆಸ್ಪತ್ರೆಯ ಮೆಟ್ಟಿಲ ಪಕ್ಕದ ಎಟಿಎಂಗೆ ಅದೇ ಕಾರ್ಡು ಹಾಕಿ ಔಷಧಿಗೆಂದು ನಗದು ತೆಗೆದಳು. ನಗದಿಗೆ ಬಡ್ಡಿ ಮೂರು ಪಟ್ಟು. ಔಷಧಿ ಹಿಡಿದು ಮೇಲೆ ಹತ್ತುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ.

ಅಂದಿನಿಂದ ಪ್ರತಿ ತಿಂಗಳೂ ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂದು ಎಷ್ಟಿತ್ತೋ ಅಷ್ಟನ್ನೇ, ಚಿಲ್ಲರೆ ಸಮೇತ, ಕಟ್ಟಿ ಬರುತ್ತಿದ್ದಳು. ಹೆಮ್ಮೆ ಬೇರೆ. ಯಂತ್ರದ ಬಾಕಿ ಕರಗುತ್ತ ಬಂತು. ನಗದಿನ ಬಾಕಿ ಮಾತ್ರ ಬೆಳೆಯಿತು.

ಅದರ ಜೊತೆಗೆ ಇನ್ನೊಂದೂ ಬೆಳೆಯಿತು. ಗೋಡೆ ಬದಿಯ ಕುರ್ಚಿಯ ಮೆತ್ತೆಯಲ್ಲಿ ಗಂಡ ಕೂತು ಕೂತು ತಗ್ಗು ಬಿದ್ದಿತ್ತು. ಮನುಷ್ಯನೇ ಇಲ್ಲದ ಮೇಲೆ ಮೆತ್ತೆ ಉಬ್ಬಬೇಕು ತಾನೆ? ಇದು ಇನ್ನಷ್ಟು ಕುಸಿಯಿತು. ಕತ್ತರಿಯಮ್ಮ ಬಿಡುವವಳೇ, ಟೇಪು ಹಿಡಿದಳು. ಮೊದಲು ಒಂದು ಇಂಚು, ಒಂದೂವರೆ ವರ್ಷ ತುಂಬುವಾಗ ಮೂರು. ಬಿಸಿಲು ಸುಳಿಯದ ಮೂಲೆ, ಆದರೂ ಹಗಲಲ್ಲಿ ಮುಟ್ಟಿದರೆ ಬೆಚ್ಚಗೆ. ಅವಳಿಗೆ ಭಯವಾಯಿತು. ಸುಳ್ಳೇಕೆ, ಭಯಕ್ಕಿಂತ ಸಮಾಧಾನವೇ ಹೆಚ್ಚಾಯಿತು. ಹೊಲಿಯುತ್ತ ಕುರ್ಚಿಯ ಕಡೆ ನೋಡಿ ಮಾತಾಡತೊಡಗಿದಳು.

ಒಂದು ಭಾನುವಾರ ಮಗಳು ಬಂದವಳು ಆ ಕುರ್ಚಿಯಲ್ಲಿ ಕೂತು ತಟ್ಟನೆ ಎದ್ದಳು.

“ಈಗ ಇಲ್ಲಿ ಯಾರಮ್ಮ ಕೂತಿದ್ರು?”

“ಯಾರೂ ಇಲ್ವಲ್ಲೇ.”

“ಬಿಸಿ ಇದೆ.”

ಮಗಳು ದೂರದ ಸ್ಟೂಲಿನಲ್ಲಿ ಕೂತು, ಬಂದ ವಿಷಯ ಎತ್ತಿದಳು.

“ಮನೆ ಸಾಲ ಕೊಡಲ್ಲ ಅಂದ್ಬಿಟ್ರು ಕಣಮ್ಮ. ಕಾರ್ಡಿನ ಬಾಕಿ ಏರ್ತಾನೇ ಇದೆಯಂತೆ, ಅದು ತೀರ್ಬೇಕಂತೆ. ನಾವೀಗ ಇರೋ ಆ ಒದ್ದೆ ಗೋಡೆ ಬಾಡಿಗೆ ಕೋಣೆಗೆ ನಾನು ಮಗು ತರಲ್ಲ.”

ಅವಳಿಗಾಗ ನಾಲ್ಕು ತಿಂಗಳು.

ಮರುದಿನವೇ ಕತ್ತರಿಯಮ್ಮ ಬ್ಯಾಂಕಿನ ಗುಮಾಸ್ತನೆದುರು ಬಿಲ್ಲುಗಳ ಕಟ್ಟು ಬಿಚ್ಚಿದಳು. “ತಪ್ಪದೆ ಕಟ್ಟಿದೀನಲ್ಲಪ್ಪ. ಇದ್ಯಾಕೆ ಇಳಿಯಲ್ಲ?”

“ಅಮ್ಮಾ, ನೀವು ಕಟ್ಟೋ ಕನಿಷ್ಠ ಮೊತ್ತ ಮೊದಲು ಕಮ್ಮಿ ಬಡ್ಡಿಯ ಬಾಕಿಗೆ ಹೋಗುತ್ತೆ. ಅದರ ಮೇಲೆ ಎಷ್ಟು ಜಾಸ್ತಿ ಕಟ್ತೀರೋ ಅಷ್ಟು ಮಾತ್ರ ಹೆಚ್ಚು ಬಡ್ಡಿಯ ಬಾಕಿಗೆ. ಹತ್ತೊಂಬತ್ತು ತಿಂಗಳಿಂದ ನಿಮ್ಮ ದುಡ್ಡು ಆ ನಗದಿನ ಬಾಕಿಯನ್ನ ಮುಟ್ಟೇ ಇಲ್ಲ.”

“ಒಂದೇ ಒಂದು ಕಾಸು ಜಾಸ್ತಿ ಕಟ್ಟಿದ್ರೂ?”

“ಆ ಕಾಸು ಪೂರ್ತಿ ಅಲ್ಲಿಗೇ ಹೋಗ್ತಿತ್ತು.”

ಅಳೆದೂ ಅಳೆದೂ ನಾನೇ ಕೆಟ್ಟೆ ಎಂದು ಅವಳು ನಾಚಿ ಹಿಂದಿರುಗಿದಳು. ಶಾಲೆಯೊಂದರ ಸಮವಸ್ತ್ರಗಳ ರಾಶಿಯನ್ನೇ ಒಪ್ಪಿಕೊಂಡು, ಬೆನ್ನು ಬಿದ್ದುಹೋಗುವಷ್ಟು ಹೊಲಿದು, ಮುಂದಿನ ತಿಂಗಳು ಕನಿಷ್ಠದ ಮೂರು ಪಟ್ಟು ಕಟ್ಟಿದಳು. ಮನೆಗೆ ಬಂದು ನೋಡುತ್ತಾಳೆ, ತಗ್ಗು ಎರಡೇ ಇಂಚು. ಅದರ ಮುಂದಿನ ತಿಂಗಳು ಒಂದು. ಬಾಕಿ ತೀರಿದರೆ ತಗ್ಗೂ ತೀರುತ್ತದೆ ಎಂದು ಆಗ ಅವಳಿಗೆ ಹೊಳೆಯಿತು. ಮೂರನೇ ತಿಂಗಳು ಬಾಕಿಯೆಲ್ಲ ತೀರುವಷ್ಟು ಹಣ ಕೈಯಲ್ಲಿದ್ದರೂ ಬರೀ ಕನಿಷ್ಠ ಮೊತ್ತ ಕಟ್ಟಿ ಬಂದುಬಿಟ್ಟಳು. ನೆಲದ ಮೇಲೆ ಕೂತು ಮೆತ್ತೆಯ ಮೇಲೆ ಕೈಯಿಟ್ಟಳು. ಇನ್ನೂ ಉಗುರುಬೆಚ್ಚಗಿತ್ತು.

“ಏನ್ ಮಾಡ್ಲಿ ಹೇಳಿ,” ಅಂದಳು.

ಉತ್ತರವಾಗಿ ಬಂದದ್ದು ಮಗಳ ಫೋನು: ಶುಕ್ರವಾರದೊಳಗೆ ಬಾಕಿ ತೀರದಿದ್ದರೆ ತಾವು ಕೊಳ್ಳಲು ನೋಡಿಟ್ಟ ಮನೆ ಬೇರೆಯವರ ಪಾಲು. ಕತ್ತರಿಯಮ್ಮ ಒಂದು ದಿನವೆಲ್ಲ ಹೊಲಿಗೆ ಮುಟ್ಟದೆ ಕುರ್ಚಿಯ ಕಾಲ ಬಳಿಯೇ ಕೂತಳು. ಗುರುವಾರ ಹೋಗಿ ಅಷ್ಟೂ ಕಟ್ಟಿದಳು.

ಮನೆಗೆ ಬಂದಾಗ ಮೆತ್ತೆ ಅಂಗಡಿಯಿಂದ ಆಗ ತಾನೇ ತಂದಂತೆ ಉಬ್ಬಿತ್ತು. ಮುಷ್ಟಿಯಿಂದ ಒತ್ತಿದಳು. ತಣ್ಣಗಿತ್ತು, ಕೈ ತೆಗೆದ ಕೂಡಲೇ ಮತ್ತೆ ಸಮವಾಯಿತು.

ಮರುದಿನ ಸಂಜೆ ಮಗಳು ಫೋನು ಮಾಡಿದಳು. “ಸಾಲ ಮಂಜೂರಾಯ್ತಮ್ಮ. ಅಪ್ಪ ಇರ್ಬೇಕಿತ್ತು.”

“ಇದ್ರು ಕಣೆ,” ಅಂದಳು ಕತ್ತರಿಯಮ್ಮ. “ನಿನ್ನೆ ತನಕ ಇದ್ರು.”