ಬ್ಯಾಟರಿ ಅಡುಗೆಮನೆಯಲ್ಲಿತ್ತು

ನಂಬುವವರು ನಂಬಲಿ, ನಗುವವರು ನಗಲಿ. ದೆವ್ವದ ಕಥೆ ಕಟ್ಟಿ ನನಗೆ ಆಗಬೇಕಾದ್ದು ಏನೂ ಇಲ್ಲ. ಇದು ಕೇಶ್ವಾಪುರದ ನನ್ನ ಮನೆಯಂಗಳದಲ್ಲಿ, ಖುದ್ದು ನನಗೇ ಆದದ್ದು.

ನನ್ನದು ಜೋಳದ ರೊಟ್ಟಿಯ ವ್ಯಾಪಾರ. ತಾರಿಹಾಳದ ಮೂರು ಕಾರ್ಖಾನೆಗಳಿಗೆ ದಿನಾ ಊಟ ಕಳಿಸುವ ಕೆಲಸ ಸಿಕ್ಕಿತ್ತು. ಷರತ್ತು ಒಂದೇ, ಸೋಮವಾರದಿಂದ ಸ್ವಂತ ಗಾಡಿ ಇರಬೇಕು. ಇಲ್ಲದಿದ್ದರೆ ಕೆಲಸ ಬೇರೆಯವರ ಪಾಲು. "ಹೆಣ್ಮಕ್ಕಳಿಗ್ಯಾಕ ಗಾಡಿ ಉಸಾಬರಿ?" ಎಂದಿದ್ದ ಮೈದುನನ ಮುಂದೆ ಸೋಲುವ ಮನಸ್ಸು ನನಗೆ ಸುತಾರಾಂ ಇರಲಿಲ್ಲ.

ಶಿರಗುಪ್ಪಿಯ ರೈತರೊಬ್ಬರ ಹಳೆಯ ಪಿಕಪ್ ಗಾಡಿ ಮನಸ್ಸಿಗೆ ಹಿಡಿಸಿತು. ಆದರೆ ನಮ್ಮ ಮೆಕ್ಯಾನಿಕ್ ಇಮಾಮ್ ಕಾಕಾ ಸುಮ್ಮನೆ ಹೂಂ ಅನ್ನುವವರಲ್ಲ.

"ಮಾರಾವ್ರು ಗಿರಾಕಿ ಬರೂಕಿಂತ ಮೊದಲ ಎಂಜಿನ್ ಬಿಸಿ ಮಾಡಿ ಇಟ್ಟಿರ್ತಾರವ್ವಾ. ಬಿಸಿ ಇದ್ದಾಗ ಎಂಥಾ ಮುದಿ ಗಾಡಿನೂ ಚಾಲೂ ಆಗ್ತೈತಿ. ರಾತ್ರಿಯೆಲ್ಲಾ ತಣ್ಣಗಾಗ್ಲಿ. ನಸುಕಿನ್ಯಾಗ ಒಂದ ಸಲಕ್ಕ ಎದ್ದರ ತಗೊಳ್ರಿ, ಇಲ್ಲಾಂದ್ರ ಬ್ಯಾಡ."

ಶುಕ್ರವಾರ ಸಂಜೆ ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿದೆವು. ಯಾರೂ ಮೋಸ ಮಾಡಬಾರದೆಂದು ಕಾಕಾ ಬ್ಯಾಟರಿಯನ್ನೇ ಬಿಚ್ಚಿ ನನ್ನ ಅಡುಗೆಮನೆಯಲ್ಲಿಟ್ಟರು. ಗೇಟಿಗೆ ಬೀಗ ಹಾಕಿ ಕೀಲಿಗಳನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ.

ನಸುಕಿನಲ್ಲಿ ಬಂದ ಕಾಕಾ ಸೀಟು ಎತ್ತಿ, ಅದರ ಕೆಳಗಿನ ಎಂಜಿನ್ ಮುಟ್ಟಿದವರು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡರು...

"ಯಾರು ಚಾಲೂ ಮಾಡಿದ್ರಿ?"

"ಯಾರೂ ಇಲ್ಲ ಕಾಕಾ. ಬ್ಯಾಟರಿ ಒಳಗ ಐತಲ್ಲ!"

ನಾನೂ ಮುಟ್ಟಿದೆ. ರೊಟ್ಟಿ ಹಂಚಿನಂತೆ ಕಾದಿತ್ತು. ಸುಟ್ಟ ಡೀಸೆಲ್ ವಾಸನೆ, ಅದರೊಳಗೆ ಬೆರೆತ ಹಸಿ ಮಣ್ಣಿನ ವಾಸನೆ... ಊರಲ್ಲಿ ಮಳೆ ಬಿದ್ದು ತಿಂಗಳುಗಳೇ ಆಗಿದ್ದವು.

"ಹೊಳ್ಳಿ ಕೊಟ್ಟುಬಿಡ್ರವ್ವಾ," ಕಾಕಾ ಪಿಸುಗುಟ್ಟಿದರು. "ಇದು ನನ್ನ ಕೈಗೆ ತಿಳಿಯೂ ರಿಪೇರಿ ಅಲ್ಲ."

ನನಗೆ ಹೆದರಿಕೆಗಿಂತ ಸಿಟ್ಟು ಬಂತು. ಎರಡೇ ದಿನದಲ್ಲಿ ಇನ್ನೊಂದು ಗಾಡಿ ಎಲ್ಲಿಂದ ತರಲಿ?

"ಇವತ್ತ ರಾತ್ರಿ ಅದರಾಗ ನಾನ ಕುಂದರ್ತೇನಿ. ಯಾರ ಬರ್ತಾರೋ ನೋಡೇ ಬಿಡೂಣು."

ಶನಿವಾರ ರಾತ್ರಿ ಶಾಲು ಹೊದ್ದು ಸ್ಟೇರಿಂಗ್ ಮುಂದೆ ಕೂತೆ. ಬ್ಯಾಟರಿ ಮತ್ತೆ ಅಡುಗೆಮನೆಯಲ್ಲಿತ್ತು, ಗೇಟಿಗೆ ಬೀಗವೂ ಬಿದ್ದಿತ್ತು. ದೂರದಲ್ಲೊಂದು ರೈಲು ಕೂಗಿತು. ಆಮೇಲೆ ಓಣಿಯ ನಾಯಿಗಳೂ ಸುಮ್ಮನಾದವು...

ಎಷ್ಟು ಹೊತ್ತಿಗೋ, ನಾನು ಕೂತ ಸೀಟು ಬೆಚ್ಚಗಾಗತೊಡಗಿತು. ಸದ್ದಿಲ್ಲ, ನಡುಕವಿಲ್ಲ. ಬರೀ ಕಾವು, ಕೆಳಗಿನಿಂದ ನಿಧಾನವಾಗಿ ಏರುತ್ತಿತ್ತು. ಹಸಿ ಮಣ್ಣಿನ ವಾಸನೆ ಮೂಗಿಗಡರಿತು. ಮೊಬೈಲ್ ಒತ್ತಿದೆ, ಬೆಳಗಲಿಲ್ಲ.

ಇಳಿದು ಓಡಬಹುದಿತ್ತು. ಆದರೆ ಇಳಿದರೆ ಆ ಗಾಡಿ ಬಿಟ್ಟಂತೆ, ತಾರಿಹಾಳದ ಕೆಲಸವೂ ಬಿಟ್ಟಂತೆ. ಸ್ಟೇರಿಂಗ್ ಮೇಲೆ ಗುದ್ದಿ ಗದರಿಸಿದೆ.

"ಯಾರರೆ ಇರ್ರಿ! ನಿಮ್ಮ ಕೆಲಸ ಮುಗಿಸ್ಕೊಂಡು ಲಗೂ ಬಿಡ್ರಿ. ಐದಕ್ಕ ಈ ಗಾಡಿ ನನಗ ತಣ್ಣಗ ಬೇಕು!"

ಎಷ್ಟೋ ಹೊತ್ತಿನ ಮೇಲೆ ಕಾವು ಇಳಿಯತೊಡಗಿತು... ನಾನು ರೆಪ್ಪೆ ಕೂಡಿಸಲಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ. ಗಾಜಿನಾಚೆ ನಮ್ಮ ಗೇಟು, ಬೀದಿ ದೀಪ ಬಿಟ್ಟು ಬೇರೇನೂ ಕಾಣಲಿಲ್ಲ.

ಐದಕ್ಕೆ ಕಾಕಾ ಬಂದಾಗ ಎಂಜಿನ್ ತಣ್ಣಗೆ ಕೊರೆಯುತ್ತಿತ್ತು. ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದ್ದೇ ತಡ, ಒಂದೇ ಸಲಕ್ಕೆ ಎದ್ದಿತು.

"ಎಂಜಿನ್ ಅಂತೂ ಛಲೋ ಐತ್ರಿ," ಎಂದರು ಕಾಕಾ, ನನ್ನ ಮುಖ ನೋಡದೆ.

ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ, ದಿನಾ ನಾಲ್ಕಕ್ಕೆ ರೊಟ್ಟಿ ಬಡಿಯಲು ಬರುವ ಶಾಂತವ್ವ ಗೊಣಗುತ್ತಾ ಗೇಟು ದಾಟಿ ಬಂದಳು.

"ಎಲ್ಲಿಗೆ ಹೋಗಿದ್ರಿ ಅಕ್ಕಾರ? ನಾಕಕ್ಕ ಬಂದು ಕೂಗಿ ಕೂಗಿ ಸಾಕಾಗಿ ಹೊಳ್ಳಿ ಹೋದೆ. ಗೇಟಿಗೆ ಬೀಗ ಹಾಂಗ ಇತ್ತು. ಅಂಗಳದಾಗ ಗಾಡಿನೂ ಇರಲಿಲ್ಲ, ನೀವೂ ಇರಲಿಲ್ಲ..."

ಕಾಕಾನ ಕೈಯಲ್ಲಿದ್ದ, ನಟ್ಟು ಬಿಗಿಯುವ ಪಾನಾ ನೆಲಕ್ಕೆ ಬಿತ್ತು.

ಸೋಮವಾರ ಮಧ್ಯಾಹ್ನ ನನ್ನ ರೊಟ್ಟಿ ತಾರಿಹಾಳ ಮುಟ್ಟಿತು. ಗಾಡಿ ಈಗಲೂ ನನ್ನದೇ. ಒಂದು ದಿನವೂ ಕೈಕೊಟ್ಟಿಲ್ಲ. ಯಾರೇ ಹೆದರಿಸಲಿ, ಮಾರುವುದಿಲ್ಲ.

ಆದರೆ ಕಣ್ಣು ತೆರೆದೇ ಕೂತಿದ್ದೆನಲ್ಲ... ಆ ನಾಲ್ಕು ಗಂಟೆಗೆ ನಾನು ಎಲ್ಲಿದ್ದೆ?