ಬದಲಾವಣೆ ಇಲ್ಲ

ವರದಿ ಫೋನಿಗೆ ಬಂದಾಗ ನಾನು ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಹಂಗಳದ ಬಸ್ಸಿಗಾಗಿ ನಿಂತಿದ್ದೆ. ಮೂರು ಪುಟ. ಮೇಲೆ ದೊಡ್ಡವ್ವನ ಹೆಸರು, ವಯಸ್ಸು, ಅದರ ಕೆಳಗೆ ರೋಗದ ಹೆಸರು. ಬಿಳಿ ರಕ್ತಕಣಗಳ ಕ್ಯಾನ್ಸರ್, ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುವ ಬಗೆಯದು. ರೋಗ ಇದೆಯೆಂಬುದು ನಮಗೆ ಮೊದಲೇ ಗೊತ್ತಿತ್ತು. ಕಣ್ಣಿನ ಪೊರೆ ತೆಗೆಸುವ ಮುಂಚೆ ಮಾಡಿದ ರಕ್ತಪರೀಕ್ಷೆಯಲ್ಲಿ ಅದು ಸಿಕ್ಕಿತ್ತು. ಈ ಹೊಸ ಪರೀಕ್ಷೆ ಮಾಡಿಸಿದ್ದು, ಅದು ಎಷ್ಟು ಬೇಗ ಮುಂದುವರಿಯಬಹುದು ಎಂದು ತಿಳಿಯಲು.

ಚಾಮರಾಜನಗರದ ಡಾಕ್ಟರು ನೇರವಾಗಿಯೇ ಹೇಳಿದ್ದರು. "ಏನೇ ಬಂದರೂ ಈಗಲೇ ಔಷಧಿ ಶುರು ಮಾಡೋದಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ನೋಡ್ತೀವಿ. ಎಷ್ಟು ಎಚ್ಚರವಾಗಿರಬೇಕು ಅನ್ನೋದು ಇದರಿಂದ ಗೊತ್ತಾಗುತ್ತೆ, ಅಷ್ಟೆ. ಮಾಡಿಸ್ತೀರಾ?"

ದೊಡ್ಡವ್ವ ನನ್ನ ಮುಖ ನೋಡಿದಳು. ಮಾಡಿಸೋಣ ಎಂದೆ. ಅವಳು ನನ್ನ ಅಮ್ಮನ ಅಕ್ಕ. ಅಮ್ಮ ಹೋದಮೇಲೆ ನನ್ನನ್ನು ಸಾಕಿ ಓದಿಸಿದವಳು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ನಮ್ಮ ಮನೆಗೆ ಬರುವ ಯಾವ ಕಾಗದವನ್ನಾದರೂ ಓದಿ ಹೇಳುವುದು ನನ್ನ ಕೆಲಸ.

ವರದಿಯ ಕೊನೆಯ ಪುಟದಲ್ಲಿ ಒಂದು ಜೀನಿನ ಹೆಸರಿತ್ತು. ಅದರ ಮುಂದೆ ದಪ್ಪ ಅಕ್ಷರದಲ್ಲಿ 'ಅನ್‌ಮ್ಯುಟೇಟೆಡ್', ಬದಲಾಗಿಲ್ಲ, ಎಂದಿತ್ತು.

ಮನೆಗೆ ಹೋದಾಗ ದೊಡ್ಡವ್ವ ಅಂಗಳದಲ್ಲಿ ಚೆಂಡು ಹೂವನ್ನು ಚೀಲಕ್ಕೆ ತುಂಬುತ್ತಿದ್ದಳು. ಪಕ್ಕದ ಮನೆಯಾಕೆ ಚೀಲದ ಬಾಯಿ ಹಿಡಿದಿದ್ದಳು.

"ಏನಂತಮ್ಮಿ?"

"ಬದಲಾವಣೆ ಇಲ್ಲ ಅಂತ ಬಂದದೆ, ದೊಡ್ಡವ್ವ."

"ನಾ ಯೋಳ್ನಿಲ್ವಾ!" ಎಂದಳು ಪಕ್ಕದ ಮನೆಯಾಕೆ. "ಇವ್ಳ ಬಾಯ್ಗೂ ಒಂದು ಟೆಸ್ಟ್ ಮಾಡ್ಸಬೇಕಾಗಿತ್ತು ಕಣಮ್ಮಿ. ಅಲ್ಲೂ ಏನೂ ಬದಲಾವಣೆ ಇಲ್ಲ."

"ನಿನ್ ಬಾಯಿ ಕಂಡ್ರೆ ಮಿಸಿನ್ನೇ ಕೆಟ್ಟೋಯ್ತದೆ, ಸುಮ್ಕಿರೆ," ಎಂದು ದೊಡ್ಡವ್ವ ನಕ್ಕಳು. ಆ ಸಂಜೆ ಪಾಯಸ ಮಾಡಿದಳು.

ಮಾರನೆಯ ದಿನ ಪಾಠವಿಲ್ಲದ ಅವಧಿಯಲ್ಲಿ ಆ ಜೀನಿನ ಬಗ್ಗೆ ಹುಡುಕಿ ಓದಿದೆ. ಸಾಮಾನ್ಯವಾಗಿ ಆ ಜೀನು ಕಣ ಬಲಿಯುವಾಗ ಬದಲಾಗುತ್ತದೆ. ಈ ರೋಗದಲ್ಲಿ ಅದು ಬದಲಾಗಿದ್ದರೆ ರೋಗ ಹೆಚ್ಚಾಗಿ ತಣ್ಣಗೆ ಕೂತಿರುತ್ತದೆ. ಬದಲಾಗದಿದ್ದರೆ ಬೇಗ ಮುಂದುವರಿಯುವ ಸಾಧ್ಯತೆ ಹೆಚ್ಚು. ಈ ಗುರುತು ಕೊನೆಯವರೆಗೂ ಹಾಗೆಯೇ ಇರುತ್ತದಾದ್ದರಿಂದ ಪರೀಕ್ಷೆಯನ್ನು ಒಮ್ಮೆ ಮಾಡಿದರೆ ಸಾಕು ಎಂದೂ ಬರೆದಿತ್ತು.

ವರದಿಯನ್ನು ಮತ್ತೆ ತೆಗೆದು ನೋಡಿದೆ. ನಾನು ಮಾಡಿದ ಅನುವಾದದಲ್ಲಿ ತಪ್ಪಿರಲಿಲ್ಲ. ಪದಕ್ಕೆ ಪದ ಸರಿಯಾಗಿತ್ತು.

ಹೇಳಲಿಲ್ಲ. ಹೇಗೂ ಈಗ ಔಷಧಿಯಿಲ್ಲ, ಮೂರು ತಿಂಗಳು ನೆಮ್ಮದಿಯಾಗಿರಲಿ, ಡಾಕ್ಟರೇ ತಿಳಿಸಲಿ ಎಂದುಕೊಂಡೆ. ಆ ಮಧ್ಯಾಹ್ನ ತರಗತಿಯಲ್ಲಿ ಬೋರ್ಡಿನ ಮೇಲೆ 'ರಾಸಾಯನಿಕ ಬದಲಾವಣೆ' ಎಂದು ಬರೆದವಳು ಮುಂದಿನ ಪದ ತೋಚದೆ ನಿಂತುಬಿಟ್ಟೆ.

ನಾನಾಡಿದ ಮಾತು ನನಗಿಂತ ಮುಂಚೆ ಎಲ್ಲ ಕಡೆ ಹೋಗಿ ಕೂತಿರುತ್ತಿತ್ತು. ಬಸ್ಸಿನಲ್ಲಿ ಗುರುತೂ ಇಲ್ಲದ ಹೆಂಗಸೊಬ್ಬಳು ಪಕ್ಕಕ್ಕೆ ಸರಿದು, "ನಿಮ್ಮ ದೊಡ್ಡವ್ವಂಗೆ ಬದಲಾವಣೆ ಇಲ್ವಂತಲ್ಲ, ಒಳ್ಳೇದಾಯ್ತು ಬುಡು," ಎಂದಳು. ದೊಡ್ಡವ್ವನೂ ಅದನ್ನು ಆಟಕ್ಕೆ ಹಿಡಿದುಕೊಂಡಳು. ಸಾರಿಗೆ ಉಪ್ಪು ಸಾಕೇ ಎಂದು ಕೇಳಿದರೆ "ಬದಲಾವಣೆ ಇಲ್ಲ" ಎನ್ನುವಳು. ಹಿತ್ತಲಿನಿಂದ, ಬಚ್ಚಲಿನಿಂದ, ಜಡೆ ಹೆಣೆಸಿಕೊಳ್ಳುತ್ತ ನನ್ನ ಮೊಣಕಾಲ ನಡುವಿನಿಂದ ಆ ಮಾತು ಬರುತ್ತಿತ್ತು. ಅವಳ ದನಿಯಲ್ಲಿ ಕೇಳುವಾಗ ಅದು ನಾನು ಹೇಳಿದ ಮಾತೇ ಅಲ್ಲವೆನ್ನಿಸುತ್ತಿತ್ತು, ಯಾರೋ ನನ್ನ ಬಾಯಿಂದ ಆಡಿಸಿದಂತೆ.

ಹಾಗೆ ಜಡೆ ಹೆಣೆಯುವಾಗಲೇ ಒಂದು ದಿನ ಅವಳ ಕುತ್ತಿಗೆಯ ಬದಿಯಲ್ಲಿ ಬೆರಳಿಗೆ ಗಂಟು ಸಿಕ್ಕಿತು. ಅದರ ಕೆಳಗೆ ಇನ್ನೊಂದು.

"ಹೊರೆ ಹೊತ್ತು ಉಳುಕಿರಬೇಕು," ಎಂದಳು.

ಆಸ್ಪತ್ರೆಗೆ ಹೋಗುವ ದಿನ ಹತ್ತಿರವಾದಾಗ ಅವಳು ಬರುವುದಿಲ್ಲವೆಂದಳು. ನಡುಮನೆಯಲ್ಲಿ ಕೂತು ಕುಪ್ಪಸದ ಬದಿಗೆ ಹೊಲಿಗೆ ಹಾಕಿ ಬಿಗಿ ಮಾಡುತ್ತಿದ್ದಳು. ಆ ತಿಂಗಳಲ್ಲಿ ಅದು ಎರಡನೆಯ ಕುಪ್ಪಸ.

"ಬದಲಾವಣೆ ಇಲ್ಲ ಅಂದ್ಮೇಲೆ ಸೂಜಿ ಚುಚ್ಚುಸ್ಕಳಕ್ಕೆ ಅಷ್ಟು ದೂರ ಯಾಕಮ್ಮಿ? ಊವು ಕುಯ್ಯದು ಬುಟ್ಟು?"

ಅವಳನ್ನು ತಡೆದಿದ್ದು ನನ್ನ ಮಾತೇ. ಎದುರಿಗೆ ಕೂತೆ.

"ನಾ ಯೋಳಿದ್ದು ತಪ್ಪು, ದೊಡ್ಡವ್ವ. ಈ ಕಾಯಿಲೇಲಿ ಬದಲಾವಣೆ ಇಲ್ಲ ಅಂದ್ರೆ ಒಳ್ಳೇದಲ್ಲ. ಇದ್ದಿದ್ರೆ ಒಳ್ಳೇದಾಗಿತ್ತು. ನೀನು ಓಗ್ಲೇಬೇಕು."

ಸೂಜಿ ನಿಂತಿತು. "ನಿಂಗ್ಯಾವತ್ತು ಗೊತ್ತಾಯ್ತು?"

"ಮಾರನೆ ದಿನ."

ಅವಳು ದಾರವನ್ನು ಹಲ್ಲಿನಿಂದ ಕಡಿದು, ಕುಪ್ಪಸ ಮಡಚಿ ಎದ್ದುಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಹೋಗಬೇಕಾದ ಬೆಳಿಗ್ಗೆ ನಾನು ಏಳುವ ಮುಂಚೆಯೇ ಅವಳು ಹಣೆಗೆ ವಿಭೂತಿ ಇಟ್ಟು, ಸೀರೆಯುಟ್ಟು, ಬಾಗಿಲಲ್ಲಿ ನಿಂತಿದ್ದಳು. ಚಾಮರಾಜನಗರದ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು, ಫಲಿತಾಂಶಕ್ಕೆ ಕಾದು ಕೂತೆವು. ಕರೆದಾಗ ಅಭ್ಯಾಸದಂತೆ ನಾನೂ ಎದ್ದೆ.

"ನೀ ಕೂತ್ಕೊ," ಎಂದಳು.

ಬಾಗಿಲ ಬಳಿಯಿದ್ದ ನರ್ಸ್, "ಅಜ್ಜಿ, ರಿಪೋರ್ಟ್ ಓದೋಕೆ ಬರೋರು ಯಾರಾದ್ರೂ ಜೊತೆಗೆ ಬರಲಿ," ಎಂದರು.

"ಯಾಕೆ, ಡಾಕ್ಟ್ರಿಗೆ ಓದಕ್ಕೆ ಬರಾಕಿಲ್ವಾ?"

ನರ್ಸ್ ನಕ್ಕು ದಾರಿ ಬಿಟ್ಟರು. ಬಾಗಿಲು ಮುಚ್ಚಿತು. ಅವಳು ಹೊರಗೆ ಬಂದಾಗ ಕಾಗದ ನಾಲ್ಕು ಮಡಿಕೆಯಾಗಿ ಕೈಯಲ್ಲಿತ್ತು.

"ಏನಂದ್ರು, ದೊಡ್ಡವ್ವ?"

"ಆಮೇಕೆ ಯೋಳ್ತೀನಿ ಬುಡು."

ಅದಾದ ಮೇಲೆ ಅವಳು ಒಂದು ತಾರೀಖನ್ನೂ ತಪ್ಪಿಸಿಲ್ಲ. ನನ್ನನ್ನು ಕರೆದುಕೊಂಡೇ ಹೋಗುತ್ತಾಳೆ. ನಾನು ಹೊರಗಿನ ಬೆಂಚಿನಲ್ಲಿ ಕೂರುತ್ತೇನೆ. ಅಂದು ಡಾಕ್ಟರು ಏನಂದರು ಎಂಬುದನ್ನು ಅವಳು ಇನ್ನೂ ಹೇಳಿಲ್ಲ. ಕೇಳುವ ಹಕ್ಕು ನನಗೆ ಉಳಿದಿದೆಯೇ ಎಂಬುದೂ ತಿಳಿಯದು. ಕಳೆದ ಸಲ ಮುಚ್ಚಿದ ಬಾಗಿಲಿನ ಆಚೆಯಿಂದ ಅವಳು ಜೋರಾಗಿ ನಕ್ಕಿದ್ದು ಕೇಳಿಸಿತು. ಯಾತಕ್ಕೆ ನಕ್ಕಳೋ ಗೊತ್ತಿಲ್ಲ.